ಬಿಚ್ಚಿ ನೋಡದ ಗಂಟು

ಮೊನ್ನೆ ರಾತ್ರಿ ಹನ್ನೊಂದಕ್ಕೆ ನೀನು ಫೋನ್ ಮಾಡಿದಾಗ ನನಗೆ ಅರೆನಿದ್ದೆ. "ಅಜ್ಜಾ, ಡೌನ್‌ಲೋಡ್ ಮಾಡಿದ ಆರ್ಕೈವ್ ಬಿಚ್ಚಿದೆ. ಫೋಲ್ಡರ್ ತುಂಬ ಏನೇನೋ ಚೆಲ್ಲಿಕೊಂಡಿದೆ. ಯಾವುದು ನನ್ನದು, ಯಾವುದು ಅದರದ್ದು ಗೊತ್ತಾಗುತ್ತಿಲ್ಲ" ಅಂದೆ. ಏನನ್ನೂ ಅಳಿಸಬೇಡ, ಬೆಳಗ್ಗೆ ನೋಡೋಣ ಅಂದು ಮಲಗಿಬಿಟ್ಟೆ. ಬೆಳಗ್ಗೆ ಆ ಗಂಟಿನೊಳಗಿನ ಹೆಸರುಗಳ ಪಟ್ಟಿ ತೆಗೆದೆವು, ಪಟ್ಟಿಯಲ್ಲಿದ್ದವನ್ನಷ್ಟೇ ಬೇರೆ ಕಡೆ ಸಾಗಿಸಿದೆವು, ಹತ್ತು ನಿಮಿಷದಲ್ಲಿ ಮುಗಿಯಿತು. ನಿನ್ನ 'ರೀಡ್‌ಮಿ' ಫೈಲ್ ಒಂದು ಮಾತ್ರ ವಾಪಸ್ ಬರಲಿಲ್ಲ. ಅದೇ ಹೆಸರಿನ ಅವರ ಫೈಲ್ ಬಂದು ಅದರ ಜಾಗದಲ್ಲಿ ಕೂತಿತ್ತು.

ಹೊಸ ಕೆಲಸಕ್ಕೆ ಸೇರಿ ಮೂರು ವಾರ ಆಗಿದೆ ನಿನಗೆ. ಸಣ್ಣದರಲ್ಲೇ ಕಳೆದುಕೊಂಡೆ, ಒಳ್ಳೆಯದಾಯಿತು. ನಾನು ದೊಡ್ಡದನ್ನೇ ಕಳೆದುಕೊಂಡವನು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಒಂದು ಮಾತು: ಟರ್ಮಿನಲ್ ಎದುರು ಕೂತವರಿಗೆಲ್ಲ ಗಂಟು ಕಟ್ಟುವುದು ಒಂದೇ ದಿನದಲ್ಲಿ ಬಂದುಬಿಡುತ್ತದೆ. ಕಷ್ಟವಿರುವುದು ಬಿಚ್ಚುವುದರಲ್ಲಿ. ಅದರಲ್ಲೂ ಬಿಚ್ಚುವ ಅಗತ್ಯ ಬೀಳುವ ಮೊದಲೇ ಒಮ್ಮೆ ಬಿಚ್ಚಿ ನೋಡುವ ಅಭ್ಯಾಸ ಬರುವುದು ಇನ್ನೂ ಕಷ್ಟ.

ನನ್ನ ಅಪ್ಪ ಗದಗಿನ ಹತ್ತಿ ಪ್ರೆಸ್ಸೊಂದರಲ್ಲಿ ಗುಮಾಸ್ತರಾಗಿದ್ದರು. ರಜೆಯಲ್ಲಿ ಅವರಿಗೆ ಬುತ್ತಿ ಒಯ್ಯುವಾಗ ನಾನು ಅಲ್ಲೇ ನಿಂತು ನೋಡುತ್ತಿದ್ದೆ. ಬಿಡಿ ಹತ್ತಿಯನ್ನು ಒಟ್ಟುಗೂಡಿಸಿ ತುಂಬುವ ಆಳುಗಳು ಬೇರೆ, ತುಂಬಿದ್ದನ್ನು ಯಂತ್ರದಲ್ಲಿ ಅದುಮಿ ಪಟ್ಟಿ ಬಿಗಿದು ಅಂಡಿಗೆ ಮಾಡುವವರು ಬೇರೆ. ಯೂನಿಕ್ಸ್ ಲೋಕದಲ್ಲೂ ಹೀಗೇ. ಟಾರ್ ತುಂಬುವ ಆಳು, ಜಿಜಿಪ್ ಅದುಮುವ ಆಳು. ಫೈಲಿನ ಹೆಸರಿಗೆ 'ಟಾರ್-ಜಿಜೆಡ್' ಎಂಬ ಜೋಡಿ ಬಾಲ ನೋಡಿದಾಗಲೆಲ್ಲ ಇಬ್ಬರ ಕೈ ಬಿದ್ದಿದೆ ಎಂದು ತಿಳಿ. ಜಿಪ್ ಮಾತ್ರ ಎರಡೂ ಕೆಲಸವನ್ನು ತಾನೇ ಮಾಡಿಕೊಳ್ಳುವ ಪ್ರಾಣಿ.

ಟಾರ್ ಅಂದರೆ 'ಟೇಪ್ ಆರ್ಕೈವ್'. 1979ರಲ್ಲಿ ಬೆಲ್ ಲ್ಯಾಬ್ಸ್‌ನಿಂದ ಹೊರಬಂದ ಏಳನೇ ಆವೃತ್ತಿಯ ಯೂನಿಕ್ಸ್‌ನಲ್ಲಿ ಇದು ಬಂತು. ಆಗ ನಕಲು ಇಡುತ್ತಿದ್ದದ್ದು ಮ್ಯಾಗ್ನೆಟಿಕ್ ಟೇಪಿನ ಮೇಲೆ. ಟೇಪು ಒಂದೇ ದಿಕ್ಕಿಗೆ ಓಡುತ್ತದೆ, ಹಾಗಾಗಿ ಟಾರ್ ಕೂಡ ಒಂದೇ ದಿಕ್ಕಿಗೆ ಯೋಚಿಸುತ್ತದೆ: ಹೆಸರು, ಅಳತೆ, ತಾರೀಕು ಬರೆದ 512 ಬೈಟಿನ ಒಂದು ಚೀಟಿ, ಅದರ ಹಿಂದೆ ಫೈಲ್, ಮತ್ತೆ ಚೀಟಿ, ಮತ್ತೆ ಫೈಲ್. ಒಟ್ಟು ಪಟ್ಟಿ ಎಂಬುದು ಅದರಲ್ಲಿ ಎಲ್ಲೂ ಇಲ್ಲ. ಟಾರ್ ಸ್ವತಃ ಒಂದು ಬೈಟನ್ನೂ ಉಳಿಸುವುದಿಲ್ಲ, ಬದಲಿಗೆ ಸ್ವಲ್ಪ ಉಬ್ಬಿಸುತ್ತದೆ. ಒಂದೇ ಅಕ್ಷರವಿರುವ ಫೈಲನ್ನು ಲಿನಕ್ಸ್‌ನಲ್ಲಿ ಟಾರ್ ಮಾಡಿ ನೋಡು, 10,240 ಬೈಟಿನ ಗಂಟು ಸಿಗುತ್ತದೆ. ಟೇಪಿನ ಕಾಲದ ಅಳತೆ ಅದು. ಟೇಪು ಹೋಯಿತು, ಅಳತೆ ಉಳಿಯಿತು. ನಮ್ಮ ಮನೆಗಳಲ್ಲಿ ಸೇರು ಪಾವು ಉಳಿದ ಹಾಗೆ.

ಅದುಮುವ ಆಳಿನ ಕಥೆ ಬೇರೆ. ಮೊದಲು 'ಕಂಪ್ರೆಸ್' ಎಂಬ ಆಜ್ಞೆ ಇತ್ತು, ಅದು ಬಳಸುತ್ತಿದ್ದ ಎಲ್‌ಜೆಡ್‌ಡಬ್ಲ್ಯೂ ವಿಧಾನದ ಮೇಲೆ ಯೂನಿಸಿಸ್ ಕಂಪನಿಯ ಪೇಟೆಂಟ್ ಇತ್ತು. ಆ ತಂಟೆಯೇ ಬೇಡವೆಂದು 1992ರಲ್ಲಿ ಝಾನ್-ಲೂ ಗಾಯಿ ಮತ್ತು ಮಾರ್ಕ್ ಆಡ್ಲರ್ ಜಿಜಿಪ್ ಬರೆದರು. ಇವತ್ತಿಗೂ ಅದೇ ದಿನಬಳಕೆಯ ಎತ್ತು.

ಹತ್ತಿ ಅದುಮಿದರೆ ಕುಗ್ಗುವುದು ಅದರೊಳಗೆ ಗಾಳಿ ಇರುವುದರಿಂದ. ಫೈಲಿನೊಳಗಿನ ಗಾಳಿ ಯಾವುದು? ಹೇಳಿದ್ದನ್ನೇ ಮತ್ತೆ ಹೇಳುವುದು. ಕನ್ನಡ ಪಠ್ಯವನ್ನೇ ತಗೋ. ಯೂನಿಕೋಡಿನ ಯುಟಿಎಫ್-8ರಲ್ಲಿ ನಮ್ಮ ಒಂದೊಂದು ಅಕ್ಷರಕ್ಕೂ, ಒಂದೊಂದು ಕಾಗುಣಿತದ ಗುರುತಿಗೂ ಮೂರು ಬೈಟು ಬೇಕು. ಆ ಮೂರರಲ್ಲಿ ಮೊದಲನೆಯದು ಯಾವಾಗಲೂ 224. ಎರಡನೆಯದು 178, ಇಲ್ಲವೇ 179. ಹೆಚ್ಚಾಗಿ ಬದಲಾಗುವುದು ಮೂರನೆಯದು. ಅಂದರೆ ಕನ್ನಡದ ಒಂದು ಕಾದಂಬರಿಯನ್ನು ಡಿಸ್ಕಿಗೆ ಬರೆದರೆ ಅದರ ಮೂರರಲ್ಲಿ ಒಂದು ಪಾಲು '224, 224, 224' ಎಂಬ ಜಪ. ಇಂಗ್ಲಿಷ್ ಪಠ್ಯಕ್ಕಿಂತ ಮೂರು ಪಟ್ಟು ಜಾಗ ತಿನ್ನುತ್ತದೆ ಎಂದು ನಮ್ಮವರು ಗೊಣಗುತ್ತಿದ್ದರು. ಜಿಜಿಪ್ ಕೈಗೆ ಕೊಟ್ಟರೆ ಆ ದೂರು ಬಹುಪಾಲು ಮಾಯ. ಅನುಮಾನವಿದ್ದರೆ ಕನ್ನಡ ವಿಕಿಪೀಡಿಯದ ಪೂರ್ತಿ ಪಠ್ಯ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಬಿಜಿಪ್2 ಎಂಬ ಇನ್ನೊಂದು ಅದುಮುವ ವಿಧಾನದಲ್ಲಿ ಸಿಗುತ್ತದೆ. ಇಳಿಸಿ, ಬಿಚ್ಚಿ, ಮೊದಲು ಎಷ್ಟಿತ್ತು ಆಮೇಲೆ ಎಷ್ಟಾಯಿತು ನೋಡು. ಅಭ್ಯಾಸಕ್ಕೂ ಒಳ್ಳೆಯ ಸರಕು.

ಫೋಟೋ, ಹಾಡು, ವಿಡಿಯೋ ಹೀಗಲ್ಲ. ಜೆಪೆಗ್, ಎಂಪಿ3 ಎಲ್ಲ ಆಗಲೇ ಅದುಮಿದ ಅಂಡಿಗೆಗಳು. ಮದುವೆ ಫೋಟೋಗಳನ್ನು ಗಂಟೆಗಟ್ಟಲೆ ಜಿಪ್ ಮಾಡುತ್ತ ಕೂತವರನ್ನು ನೋಡಿದ್ದೇನೆ. ಉಳಿಯುವುದು ಏನೂ ಇಲ್ಲ. ಒಂದೇ ಗಂಟಾಗಿ ಸಾಗಿಸಲು ಬರಿಯ ಟಾರ್ ಸಾಕು.

ಯಾವಾಗ ಯಾವುದನ್ನು ಬಳಸಬೇಕು ಎಂದು ನೀನು ಕೇಳಿದ್ದೆ. ಜಿಜಿಪ್‌ನ ಜ್ಞಾಪಕಶಕ್ತಿ ಕಡಿಮೆ, ಹಿಂದಿನ 32 ಕಿಲೋಬೈಟಿನಷ್ಟನ್ನು ಮಾತ್ರ ನೆನಪಿಟ್ಟುಕೊಂಡು ಹೋಲಿಸುತ್ತದೆ. ಎಕ್ಸ್‌ಜೆಡ್ ಎಂಬ ಇನ್ನೊಂದು ಆಜ್ಞೆ ಮಾಮೂಲಿ ಮಟ್ಟದಲ್ಲೇ 8 ಮೆಗಾಬೈಟ್ ನೆನಪಿಟ್ಟುಕೊಳ್ಳುತ್ತದೆ. ಹೆಚ್ಚು ಹಿಂಡುತ್ತದೆ, ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಒಮ್ಮೆ ಕಟ್ಟಿ ಸಾವಿರ ಜನಕ್ಕೆ ಹಂಚುವುದಿದ್ದರೆ ಎಕ್ಸ್‌ಜೆಡ್. ದಿನಾ ರಾತ್ರಿ ಕಟ್ಟುವ ಬ್ಯಾಕಪ್‌ಗೆ ಜಿಜಿಪ್, ಅಥವಾ 2016ರಲ್ಲಿ ಫೇಸ್‌ಬುಕ್‌ನ ಯಾನ್ ಕೊಲೆ ಹೊರತಂದ ಜೆಡ್‌ಸ್ಟ್ಯಾಂಡರ್ಡ್. ವಿಂಡೋಸ್ ಬಳಸುವವರಿಗೆ ಕಳಿಸುವುದಿದ್ದರೆ ಜಿಪ್, ಚರ್ಚೆಯೇ ಬೇಡ. ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳುವಷ್ಟು ಇದರಲ್ಲಿ ಏನಿಲ್ಲ.

ಈಗ ಮೊನ್ನೆಯ ವಿಷಯ. ಆಜ್ಞೆಯ ಅಕ್ಷರಗಳನ್ನು ನಾನು ಕನ್ನಡದಲ್ಲಿ ಬರೆಯುತ್ತೇನೆ, ನೀನು ಕೀಲಿಮಣೆಯಲ್ಲಿ ಇಂಗ್ಲಿಷಿನ ಚಿಕ್ಕಕ್ಷರ ಒತ್ತು. ಟಾರ್‌ಗೆ ಮುಖ್ಯವಾದವು ನಾಲ್ಕೇ: ಕಟ್ಟಲು 'ಸಿ', ಬಿಚ್ಚಲು 'ಎಕ್ಸ್', ಇಣುಕಲು 'ಟಿ', ಗಂಟಿನ ಹೆಸರು ಮುಂದೆ ಬರುತ್ತದೆ ಎನ್ನಲು 'ಎಫ್'. ಹುಡುಗರು ಮೊದಲೆರಡನ್ನು ಕಲಿತು ಮೂರನೆಯದನ್ನು ಬಿಡುತ್ತಾರೆ. ನನ್ನ ಕೇಳಿದರೆ ಕಲಿಯಬೇಕಾದ ಮೊದಲ ಅಕ್ಷರವೇ 'ಟಿ'. ಊರಿಂದ ಬಂದ ಮೂಟೆಯನ್ನು ಯಾರೂ ಸೀದಾ ದೇವರಮನೆಯಲ್ಲಿ ಸುರಿಯುವುದಿಲ್ಲ. 'ಟಾರ್ ಟಿಎಫ್' ಎಂದು ಗಂಟಿನ ಹೆಸರು ಕೊಟ್ಟರೆ ಒಳಗಿರುವ ಹೆಸರುಗಳೆಲ್ಲ ಸಾಲಾಗಿ ಬರುತ್ತವೆ. ಒಳ್ಳೆಯ ಮನೆತನದ ಗಂಟಾದರೆ ಎಲ್ಲ ಹೆಸರೂ ಒಂದೇ ಫೋಲ್ಡರಿನ ಹೆಸರಿಂದ ಶುರುವಾಗುತ್ತವೆ. ಹಾಗಿಲ್ಲದೆ ಬಿಡಿಬಿಡಿಯಾಗಿದ್ದರೆ ಅದಕ್ಕೆ 'ಟಾರ್ ಬಾಂಬ್' ಎನ್ನುತ್ತಾರೆ. ನಿನ್ನ ಮನೆಯಲ್ಲಿ ಮೊನ್ನೆ ಸಿಡಿದದ್ದು ಅದೇ. ಒಂದು ಖಾಲಿ ಫೋಲ್ಡರ್ ಮಾಡಿ, ಬಿಚ್ಚುವ ಆಜ್ಞೆಯ ಕೊನೆಯಲ್ಲಿ ಗೆರೆ ಹಾಕಿ ದೊಡ್ಡಕ್ಷರದ 'ಸಿ' ಕೊಟ್ಟು ಆ ಫೋಲ್ಡರಿನ ಹೆಸರು ಬರೆ, ಅಲ್ಲೇ ಹೋಗಿ ಬಿಚ್ಚಿಕೊಳ್ಳುತ್ತದೆ. ನಾನು ಇಲ್ಲಿ ಹೇಳುವ ಆಜ್ಞೆಗಳಲ್ಲಿ ದೊಡ್ಡಕ್ಷರ ಬೇಕಾಗುವುದು ಅಲ್ಲೊಂದೇ ಕಡೆ.

ಇನ್ನೊಂದು ಸ್ವಭಾವ ಗಮನಿಸು. ಜಿಪ್ ಬಿಚ್ಚುವ ಅನ್‌ಜಿಪ್ ಸಭ್ಯ. ಅದೇ ಹೆಸರಿನ ಫೈಲ್ ಆಗಲೇ ಇದ್ದರೆ ನಿಂತು, ಬದಲಿಸಲೇ ಎಂದು ಕೇಳುತ್ತದೆ. ಟಾರ್ ಕೇಳುವುದಿಲ್ಲ. ತಳ್ಳಿ ಕೂರುತ್ತದೆ. ನಿನ್ನ ರೀಡ್‌ಮಿ ಹೋದದ್ದು ಹಾಗೆ. 'ಕೆ' ಅಕ್ಷರ ಸೇರಿಸಿದ್ದರೆ ಇದ್ದದ್ದನ್ನು ಮುಟ್ಟುತ್ತಿರಲಿಲ್ಲ. ಪಟ್ಟಿಯಲ್ಲಿ ಓರೆಗೆರೆಯಿಂದ ಶುರುವಾಗುವ ಹೆಸರೋ ಎರಡು ಚುಕ್ಕೆಯ ದಾರಿಯೋ ಕಂಡರೆ ಎಚ್ಚರ. ಎರಡು ಚುಕ್ಕೆ ಎಂದರೆ ಒಂದು ಮೆಟ್ಟಿಲು ಮೇಲಕ್ಕೆ. ಅಂಥ ಗಂಟು ನೀನು ತೋರಿಸಿದ ಕೋಣೆಯಲ್ಲಿ ಕೂರದೆ ಇಡೀ ಮನೆಗೆ ನುಗ್ಗಲು ನೋಡುತ್ತದೆ. ಲಿನಕ್ಸ್‌ನಲ್ಲಿರುವ ಈಗಿನ ಜಿಎನ್‌ಯು ಟಾರ್ ಇಂಥವನ್ನು ತಡೆಯುತ್ತದೆ. ಆದರೆ ನಾಳೆ ನೀನೇ ಪೈಥಾನಿನಲ್ಲೋ ಜಾವಾದಲ್ಲೋ ಬಿಚ್ಚುವ ಪ್ರೋಗ್ರಾಂ ಬರೆದಾಗ ತಡೆಯಬೇಕಾದವಳು ನೀನು. 2018ರಲ್ಲಿ 'ಜಿಪ್ ಸ್ಲಿಪ್' ಎಂಬ ಹೆಸರಿನಲ್ಲಿ ಬಯಲಾದದ್ದು ಇದೇ ದೋಷ. ದೊಡ್ಡ ದೊಡ್ಡ ಪ್ರಾಜೆಕ್ಟುಗಳು ಸಿಕ್ಕಿಬಿದ್ದಿದ್ದವು.

ಗಾತ್ರ ನೋಡಿಯೂ ನಂಬಬೇಡ. '42.ಜಿಪ್' ಎಂಬ ಕುಖ್ಯಾತ ಫೈಲೊಂದಿದೆ. ಹೊರಗೆ 42 ಕಿಲೋಬೈಟ್, ಪದರ ಪದರವಾಗಿ ಪೂರ್ತಿ ಬಿಚ್ಚಿದರೆ 4.5 ಪೆಟಾಬೈಟ್.

ನಾನು ಕಳೆದುಕೊಂಡದ್ದಕ್ಕೆ ಬರುತ್ತೇನೆ. ಆಗ ನಾನೊಂದು ಕಚೇರಿಯಲ್ಲಿ ಸರ್ವರ್ ನೋಡಿಕೊಳ್ಳುತ್ತಿದ್ದೆ, ಬಿಡುವಿನಲ್ಲಿ ಹಿರಿಯರೊಬ್ಬರ ನೆನಪುಗಳ ಪುಸ್ತಕವನ್ನು ಅಚ್ಚಿಗೆ ಸಿದ್ಧ ಮಾಡಿಕೊಡುತ್ತಿದ್ದೆ. ಹದಿನಾಲ್ಕು ಅಧ್ಯಾಯ, ಹದಿನಾಲ್ಕು ಟೆಕ್ಸ್ಟ್ ಫೈಲು, ಎಲ್ಲ ಕರಡು ತಿದ್ದಿ ಮುಗಿದಿದ್ದವು. ಮನೆಗೆ ಹೊರಡುವ ಆತುರದಲ್ಲಿ 'ಟಾರ್ ಸಿಜೆಡ್‌ಎಫ್' ಎಂದು ಹೊಡೆದು, ಜಾಗ ಬಿಟ್ಟು, ಎಲ್ಲ ಟೆಕ್ಸ್ಟ್ ಫೈಲುಗಳೂ ಬರಲಿ ಎಂದು ನಕ್ಷತ್ರ ಹಾಕಿ ಎಂಟರ್ ಒತ್ತಿದೆ. ಗಂಟಿಗೆ ಹೆಸರು ಕೊಡುವುದನ್ನೇ ಮರೆತಿದ್ದೆ. ನಕ್ಷತ್ರವನ್ನು ಬಿಡಿಸುವುದು ಶೆಲ್, ಟಾರ್ ಅಲ್ಲ. ಶೆಲ್ ಹದಿನಾಲ್ಕು ಹೆಸರನ್ನೂ ಸಾಲಾಗಿ ಇಟ್ಟಿತು. ಟಾರ್ 'ಎಫ್' ಆದಮೇಲೆ ಸಿಕ್ಕ ಮೊದಲ ಹೆಸರೇ ಗಂಟಿನ ಹೆಸರು ಎಂದುಕೊಂಡಿತು. ಮೊದಲನೇ ಅಧ್ಯಾಯದ ಫೈಲನ್ನು ಒರೆಸಿ, ಅದರ ಜಾಗದಲ್ಲಿ ಉಳಿದ ಹದಿಮೂರು ಅಧ್ಯಾಯದ ಗಂಟನ್ನು ಬರೆಯಿತು. ಒಂದು ಎಚ್ಚರಿಕೆಯ ಮಾತಿಲ್ಲ, ಒಂದು ದೂರಿಲ್ಲ. ಅದರ ಪ್ರಕಾರ ಎಲ್ಲ ಸರಿಯಾಗಿಯೇ ನಡೆದಿತ್ತು.

ಮರುದಿನ ಒಂದನೇ ಅಧ್ಯಾಯ ತೆರೆದಾಗ ಪರದೆ ತುಂಬ ಚಿತ್ರಲಿಪಿ. ವೈರಸ್ ಎಂದುಕೊಂಡೆ. ಡಿಸ್ಕ್ ಕೆಟ್ಟಿದೆ ಎಂದು ಯಾರ ಮೇಲೋ ಹರಿಹಾಯ್ದೆ. ಮಧ್ಯಾಹ್ನದ ಹೊತ್ತಿಗೆ ಶೆಲ್ಲಿನ ಇತಿಹಾಸದಲ್ಲಿ ನನ್ನದೇ ಕೈಬರಹ ಕಂಡಿತು. ಪುಣ್ಯಕ್ಕೆ ಹಳೆಯ ಕರಡಿನ ಹಾಳೆಗಳು ಅಚ್ಚಿನ ಪ್ರೆಸ್ಸಿನಲ್ಲಿ ಬಿದ್ದಿದ್ದವು, ನಿನ್ನ ಅಜ್ಜಿ ಮೂರು ರಾತ್ರಿ ಕೂತು ಟೈಪ್ ಮಾಡಿಕೊಟ್ಟಳು. ಆ ಹಿರಿಯರಿಗೆ ಇದನ್ನು ನಾನು ಹೇಳಲೇ ಇಲ್ಲ. ಅವರೀಗ ಇಲ್ಲ, ನಿನಗೆ ಹೇಳುತ್ತಿದ್ದೇನೆ.

ಅಂದಿನಿಂದ ನನ್ನ ಪದ್ಧತಿ: ಗಂಟಿನ ಹೆಸರನ್ನು ಮೊದಲು ಟೈಪ್ ಮಾಡುವುದು, ಬಾಲ ಸಮೇತ. ಫೈಲುಗಳನ್ನು ಬಿಡಿಯಾಗಿ ಕಟ್ಟದೆ ಅವು ಇರುವ ಫೋಲ್ಡರನ್ನೇ ಹೊರಗಿಂದ ಕಟ್ಟುವುದು. ಆಗ ನಕ್ಷತ್ರದ ಗೊಡವೆ ಇಲ್ಲ, ಬಿಚ್ಚುವವರ ಮನೆಯಲ್ಲಿ ಬಾಂಬೂ ಸಿಡಿಯುವುದಿಲ್ಲ. 'ಎಫ್' ಯಾವಾಗಲೂ ಕೊನೆಯ ಅಕ್ಷರ. ಗೆರೆ ಹಾಕಿ 'ಸಿಎಫ್‌ಜೆಡ್' ಎಂದು ಬರೆದವರಿಗೆ ಫೋಲ್ಡರಿನಲ್ಲಿ 'ಜೆಡ್' ಎಂಬ ಹೆಸರಿನ ಅನಾಥ ಫೈಲೊಂದು ಸಿಗುತ್ತದೆ. ಅದೇ ಅಕ್ಷರಗಳನ್ನು ಗೆರೆಯಿಲ್ಲದೆ ಬರೆದರೆ ಸರಿಹೋಗುತ್ತದೆ! ಹಳೆಯ ಕಾಲದ ಶಾಸ್ತ್ರ, ಹೊಸ ಕಾಲದ ಶಾಸ್ತ್ರ ಎರಡನ್ನೂ ಒಟ್ಟಿಗೆ ಪಾಲಿಸುವ ಮನೆಯಲ್ಲಿ ಇಂಥದ್ದು ನಡೆಯುತ್ತಲೇ ಇರುತ್ತದೆ.

'ಎಕ್ಸ್' ಮತ್ತು 'ಸಿ' ಕೀಲಿಮಣೆಯಲ್ಲಿ ಅಕ್ಕಪಕ್ಕ. ಬಿಚ್ಚಲು ಹೋಗಿ ಕಟ್ಟಿಬಿಟ್ಟರೆ ಇದ್ದ ಗಂಟೇ ಹೋದಂತೆ. ಇಲ್ಲಿ ಮಾತ್ರ ಜಿಎನ್‌ಯು ಟಾರ್ ಬರೆದವರನ್ನು ನೆನೆಯಬೇಕು. ಯಾವ ಫೈಲನ್ನೂ ಹೇಳದೆ ಬರಿಯ ಗಂಟಿನ ಹೆಸರು ಕೊಟ್ಟು ಕಟ್ಟು ಎಂದರೆ, ಖಾಲಿ ಗಂಟು ಕಟ್ಟಲು ತನಗೆ ಪುಕ್ಕಲು ಎಂದು ಅದು ತಾನೇ ಹೇಳಿ ಹಿಂದೆ ಸರಿಯುತ್ತದೆ. ತಮಾಷೆಗೆ ಹೇಳುತ್ತಿಲ್ಲ, ಪರದೆಯ ಮೇಲೆ ಬರುವ ಸಂದೇಶದ ಅರ್ಥವೇ ಅದು. ಆ ಪುಕ್ಕಲುತನ ನನ್ನ ಎರಡು ಬ್ಯಾಕಪ್ ಉಳಿಸಿದೆ.

ಕಟ್ಟಿದ ಮೇಲೆ ಮೂಲವನ್ನು ಅಳಿಸುವ ಚಪಲ ಎಲ್ಲರಿಗೂ. ಜಿಜಿಪ್ ಅಂತೂ ನಿನ್ನನ್ನು ಕೇಳುವುದೇ ಇಲ್ಲ. ಬಿಡಿ ಫೈಲೊಂದನ್ನು ಕೊಟ್ಟರೆ ಅದುಮಿದ್ದನ್ನು ಇಟ್ಟು ಮೂಲವನ್ನು ತಾನೇ ತೆಗೆದುಬಿಡುತ್ತದೆ. ಇರಲಿ ಎನ್ನಲು ಅಲ್ಲೂ 'ಕೆ' ಅಕ್ಷರ ಬೇಕು. ಜಿಜಿಪ್‌ಗೆ 'ಟಿ' ಕೊಟ್ಟರೆ ಗಂಟು ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸುತ್ತದೆ. ಆದರೆ ಗಂಟು ಗಟ್ಟಿ ಇದ್ದ ಮಾತ್ರಕ್ಕೆ ಒಳಗೆ ಬೇಕಾದದ್ದೆಲ್ಲ ಇದೆ ಎಂದಲ್ಲ. ಹೆಚ್ಚು ಜನಕ್ಕೆ ಗೊತ್ತಿಲ್ಲದ ಅಕ್ಷರವೊಂದಿದೆ, 'ಡಿ'. 'ಟಾರ್ ಡಿಎಫ್' ಎಂದು ಗಂಟಿನ ಹೆಸರು ಕೊಟ್ಟರೆ, ಒಳಗಿರುವ ಒಂದೊಂದು ಫೈಲನ್ನೂ ಡಿಸ್ಕಿನ ಮೇಲಿರುವ ಮೂಲದ ಜೊತೆ ಹೋಲಿಸಿ, ವ್ಯತ್ಯಾಸವಿದ್ದರೆ ಹೇಳುತ್ತದೆ. ಕಟ್ಟುವಾಗ ಯಾವ ಫೋಲ್ಡರಿನಲ್ಲಿ ನಿಂತಿದ್ದೆಯೋ ಅಲ್ಲೇ ನಿಂತು ಕೇಳಬೇಕು. ಏನೂ ಹೇಳದೆ ಸುಮ್ಮನೆ ವಾಪಸ್ ಬಂದರೆ ಎಲ್ಲ ಸರಿ ಎಂದರ್ಥ. ಅಪ್ಪನ ಪ್ರೆಸ್ಸಿನಲ್ಲಿ ಅಂಡಿಗೆ ಹೊರಡುವ ಮುನ್ನ ತೂಕದ ಚೀಟಿಗೆ ಸಹಿ ಹಾಕುತ್ತಿದ್ದರು, ಇದು ಆ ಸಹಿ.

ಇನ್ನು ಜಿಪ್ ಕಡೆಗೆ. ಜಿಪ್ ಫೈಲಿನ ಮೊದಲ ಎರಡು ಬೈಟು 'ಪಿ', 'ಕೆ'. ಅದು ಫಿಲ್ ಕಾಟ್ಜ್ ಎಂಬವರ ಇನಿಷಿಯಲ್ಲು. 1989ರಲ್ಲಿ ಪಿಕೆಜಿಪ್ ಬರೆದವರು. ಜಿಜಿಪ್ ಇವತ್ತಿಗೂ ಬಳಸುವ 'ಡಿಫ್ಲೇಟ್' ವಿಧಾನವೂ ಅವರದೇ. 2000ದ ಏಪ್ರಿಲ್‌ನಲ್ಲಿ ಮಿಲ್ವಾಕಿಯ ಮೋಟೆಲೊಂದರಲ್ಲಿ, ಕುಡಿತಕ್ಕೆ ಸಿಕ್ಕು, 37ನೇ ವಯಸ್ಸಿಗೆ ತೀರಿಕೊಂಡರು. ಅವರ ಎರಡಕ್ಷರ ಮಾತ್ರ ಎಲ್ಲರ ಮನೆಯಲ್ಲೂ ಇದೆ: ವರ್ಡ್‌ನ 'ಡಾಕ್ಸ್' ಫೈಲು, ಲಿಬ್ರೆ ಆಫೀಸಿನ 'ಓಡಿಟಿ', ಇ-ಪುಸ್ತಕದ 'ಇಪಬ್', ನಿನ್ನ ಫೋನಿನ 'ಎಪಿಕೆ', ಎಲ್ಲ ಒಳಗೆ ಜಿಪ್ ಗಂಟುಗಳೇ. ಇದು ಬರಿಯ ಕುತೂಹಲದ ಮಾತಲ್ಲ. ಪರಿಚಿತರೊಬ್ಬರ ಕಥಾಸಂಕಲನದ ಡಾಕ್ಸ್ ತೆರೆಯದೆ ಹೋದಾಗ ಅನ್‌ಜಿಪ್ ಮಾಡಿ, ಒಳಗಿನ 'ವರ್ಡ್' ಫೋಲ್ಡರಿನಿಂದ 'ಡಾಕ್ಯುಮೆಂಟ್.ಎಕ್ಸ್‌ಎಂಎಲ್' ಹೊರಗೆ ತೆಗೆದೆವು. ದಪ್ಪಕ್ಷರ, ಪುಟವಿನ್ಯಾಸ ಹೋದವು, ಹನ್ನೊಂದು ಕಥೆಯೂ ಉಳಿದವು.

ಟಾರ್‌ನಂತಲ್ಲ, ಜಿಪ್‌ಗೆ ಒಂದು ಪಟ್ಟಿ ಇದೆ, ಅದಿರುವುದು ಕಟ್ಟಕಡೆಯಲ್ಲಿ. ಅದಕ್ಕೇ ಅರ್ಧ ಇಳಿದ ಜಿಪ್ ಫೈಲು ತೆರೆಯಲು ತಕರಾರು ಮಾಡುತ್ತದೆ. ಅರ್ಧ ಇಳಿದ ಟಾರ್-ಜಿಜೆಡ್ ಮೊದಲರ್ಧವನ್ನು ಕೊಟ್ಟು ಆಮೇಲೆ ಅಳುತ್ತದೆ. ಆದರೆ ಟಾರ್-ಜಿಜೆಡ್‌ನ ನಡುವೆ ಒಂದು ಕಡೆ ಹುಳುಕು ಬಿದ್ದರೆ ಅಲ್ಲಿಂದ ಮುಂದಿನದೆಲ್ಲ ಸಾಮಾನ್ಯವಾಗಿ ಕೈಬಿಟ್ಟಂತೆಯೇ, ಯಾಕೆಂದರೆ ಇಡೀ ಗಂಟನ್ನು ಒಂದೇ ಎಳೆಯಾಗಿ ಅದುಮಿರುತ್ತದೆ. ಜಿಪ್ ಒಂದೊಂದು ಫೈಲನ್ನೂ ಬೇರೆಬೇರೆಯಾಗಿ ಅದುಮುವುದರಿಂದ ಹಾಳಾದ ಒಂದು ಬಿಟ್ಟು ಉಳಿದವು ಸಿಗುತ್ತವೆ. ಹಳೆಯ ಜಿಪ್‌ಗಳಲ್ಲಿ ಫೈಲಿನ ಹೆಸರು ಯಾವ ಲಿಪಿ ಸಂಕೇತದಲ್ಲಿದೆ ಎಂದು ಹೇಳುವ ವ್ಯವಸ್ಥೆಯೇ ಇರಲಿಲ್ಲ. ಕನ್ನಡದಲ್ಲಿ ಹೆಸರಿಟ್ಟು ಕಳಿಸಿದ ಫೈಲುಗಳು ಆಚೆ ಬದಿಯಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಮೆರವಣಿಗೆಯಾಗಿ ಇಳಿದದ್ದನ್ನು ಎಷ್ಟು ಸಲ ಕಂಡಿದ್ದೇನೋ. ಈಗ ಯುಟಿಎಫ್-8 ಎಂದು ಸಾರುವ ಗುರುತು ಬಂದಿದೆ, ಎಲ್ಲ ತಂತ್ರಾಂಶವೂ ಅದನ್ನು ಹಾಕುವುದಿಲ್ಲ. ಕನ್ನಡ ಹೆಸರು ಬಿಡಬೇಡ. ಕಳಿಸಿದ ಮೇಲೆ ಆಚೆಯವರಿಗೆ ಒಂದು ಮಾತು ಕೇಳು.

ಜಿಪ್‌ನ ಹಳೆಯ ಪಾಸ್‌ವರ್ಡ್ ಬೀಗವನ್ನು ನಂಬಿ ಸಂಬಳದ ಪಟ್ಟಿ ಕಳಿಸಬೇಡ. ಅದನ್ನು ಒಡೆಯುವ ದಾರಿ 1994ರಲ್ಲೇ ಪ್ರಕಟವಾಗಿದೆ. ಬೀಗ ಗಟ್ಟಿ ಇದ್ದರೂ ಜಿಪ್‌ನಲ್ಲಿ ಒಳಗಿನ ಫೈಲುಗಳ ಹೆಸರು ಸಾಮಾನ್ಯವಾಗಿ ಹೊರಗೇ ಕಾಣುತ್ತದೆ.

ಕೊನೆಗೆ ಎಕ್ಸ್‌ಜೆಡ್‌ನ ಕಥೆ. ಇದು ನಿನ್ನ ಕಾಲದ್ದೇ, ಆದರೂ ಪೂರ್ತಿ ಕೇಳಿರಲಿಕ್ಕಿಲ್ಲ. ಲಾಸ್ಸೆ ಕೊಲಿನ್ ಎಂಬವರು ವರ್ಷಗಟ್ಟಲೆ ಹೆಚ್ಚುಕಡಿಮೆ ಒಬ್ಬರೇ ಅದನ್ನು ನೋಡಿಕೊಂಡು ಬಂದಿದ್ದರು, ಸಂಬಳವಿಲ್ಲದೆ. ದಣಿದಿದ್ದರು. 'ಜಿಯಾ ಟಾನ್' ಎಂಬ ಹೆಸರಿನಲ್ಲಿ ಒಬ್ಬ ಸಹಾಯಕ್ಕೆ ಬಂದ. ಎರಡು ವರ್ಷಕ್ಕೂ ಹೆಚ್ಚು ಒಳ್ಳೆಯ ಕೆಲಸ ಮಾಡಿ ವಿಶ್ವಾಸ ಗಳಿಸಿದ. 2024ರ ಆರಂಭದಲ್ಲಿ ಬಂದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇಟ್ಟ. ಕೇಡಿನ ಸರಕನ್ನು ಬಚ್ಚಿಟ್ಟದ್ದು ಪರೀಕ್ಷೆಗೆಂದು ಇಟ್ಟ ಆರ್ಕೈವ್ ಫೈಲುಗಳೊಳಗೆ. ಹಾಳಾದ ಗಂಟನ್ನು ತಂತ್ರಾಂಶ ಹೇಗೆ ನಿಭಾಯಿಸುತ್ತದೆ ಎಂದು ನೋಡಲು ಬೇಕೆಂದೇ ಹಾಳಾದ ಫೈಲು ಇಡುವುದು ವಾಡಿಕೆ, ಅದನ್ನು ಯಾರು ಬಿಚ್ಚಿ ನೋಡುತ್ತಾರೆ? ಅದನ್ನು ಎಬ್ಬಿಸುವ ಕೀಲಿಯ ಸಾಲುಗಳು ಎಲ್ಲರೂ ಓದುವ ಗಿಟ್ ಭಂಡಾರದಲ್ಲಿ ಇರಲಿಲ್ಲ, ಬಿಡುಗಡೆಯಾದ ಟಾರ್ ಗಂಟಿನಲ್ಲಿ ಮಾತ್ರ ಇದ್ದವು.

ಆಂಡ್ರೆಸ್ ಫ್ರಾಯಿಂಡ್ ಎಂಬ ಪೋಸ್ಟ್‌ಗ್ರೆಸ್ ಡೆವಲಪರ್, ತಮ್ಮ ಯಂತ್ರದಲ್ಲಿ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಬೆನ್ನುಹತ್ತಿ ಈ ಹಿಂಬಾಗಿಲನ್ನು ಕಂಡುಹಿಡಿದರು. 2024ರ ಮಾರ್ಚ್ 29ರಂದು ಲೋಕಕ್ಕೆ ಹೇಳಿದರು. ಇನ್ನು ಕೆಲವು ತಿಂಗಳು ಕಳೆದಿದ್ದರೆ ಅದು ಜಗತ್ತಿನ ಅಸಂಖ್ಯ ಸರ್ವರ್‌ಗಳಿಗೆ ಹೋಗುತ್ತಿತ್ತು, ಬೆಂಗಳೂರಿನಲ್ಲಿ ನೀನು ಕೂರುವ ಮೇಜಿನ ಆಚೆಗಿನದ್ದಕ್ಕೂ. ಇಷ್ಟು ವರ್ಷ ನನ್ನ ಕೆಲಸದ ಮೇಲೆ ನಾನು ಹೆಮ್ಮೆಪಟ್ಟುಕೊಂಡದ್ದುಂಟು. ಈ ಅರ್ಧ ಸೆಕೆಂಡಿನ ಮುಂದೆ ಅದೆಲ್ಲ ಸಣ್ಣದಾಗಿ ಕಂಡಿತು. ನಾನಾಗಿದ್ದರೆ ನೆಟ್‌ವರ್ಕ್ ನಿಧಾನ ಎಂದು ಚಹಾ ಕುಡಿಯಲು ಹೋಗುತ್ತಿದ್ದೆ.

ಈ ಭಾನುವಾರ ಒಂದು ಕೆಲಸ ಮಾಡು. ಕಾಲೇಜಿನ ಪ್ರಾಜೆಕ್ಟಿನ ಬ್ಯಾಕಪ್ ಎಂದು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೀಯಲ್ಲ, ಅದನ್ನು ಖಾಲಿ ಫೋಲ್ಡರಿನಲ್ಲಿ ಬಿಚ್ಚು. ಒಂದೊಂದಾಗಿ ತೆರೆದು ನೋಡು. ಬಿಚ್ಚದೆ ಹೋದರೆ ಎಷ್ಟು ಹೊತ್ತಾಗಿದ್ದರೂ ಫೋನ್ ಮಾಡು. ಅಲ್ಲಿಯವರೆಗೆ, ಮೂಲ ಇರುವ ಹಳೆಯ ಲ್ಯಾಪ್‌ಟಾಪನ್ನು ತಮ್ಮನಿಗೆ ಕೊಡಬೇಡ.